ಕೋಡ್ ಕಳಿಸುವವರು ಬಹಳ, ಓದುವವರು ಕಡಿಮೆ: ರಿವ್ಯೂ ಮತ್ತು ಟೆಸ್ಟಿಗೆ ಯಾವ ವ್ಯವಸ್ಥೆ ಯಾರಿಗೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವವರಿಂದ ಹಿಡಿದು ಗದಗ, ಹಾವೇರಿಯ ಕಾಲೇಜು ಹುಡುಗರವರೆಗೆ ಒಂದೇ ಪ್ರಶ್ನೆ ಎರಡು ರೂಪದಲ್ಲಿ ಬರುತ್ತದೆ. ಒಂದು: “ನಾವು ನಾಕೈದು ಮಂದಿ ಸೇರಿ ಒಂದು ಆ್ಯಪ್ ಮಾಡೀವಿ. ಈಗ ಹೊರಗಿನವರೂ ಕೋಡ್ ಕಳಸಾಕ ಹತ್ಯಾರ. ಗಿಟ್‌ಹಬ್ ಸಾಕೋ, ಬ್ಯಾರೆ ಏನರ ಬೇಕೋ?” ಇನ್ನೊಂದು: “ದೊಡ್ಡ ಪ್ರಾಜೆಕ್ಟಿಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿ ತಿಂಗಳಾತು, ಯಾರೂ ನೋಡವಲ್ರು. ಎಲ್ಲಿ ಕಳಿಸಿದ್ರ ಲಗೂ ಆಗ್ತೈತಿ?”

ಎರಡಕ್ಕೂ ಉತ್ತರ ಟೂಲ್‌ಗಳ ಫೀಚರ್ ಪಟ್ಟಿಯಲ್ಲಿ ಸಿಗುವುದಿಲ್ಲ. ಓಪನ್ ಸೋರ್ಸಿನಲ್ಲಿ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡಿನ ಲೋಕದಲ್ಲಿ) ಕೋಡ್ ಬರೆಯುವವರಿಗೆ ಬರವಿಲ್ಲ. ಬರ ಇರುವುದು ಆ ಕೋಡನ್ನು ಓದಿ, ಅರ್ಥ ಮಾಡಿಕೊಂಡು, “ಇದನ್ನು ನಾಳೆ ನಾನೇ ನೋಡಿಕೊಳ್ಳುತ್ತೇನೆ” ಎಂದು ಒಪ್ಪುವ ಮೇಂಟೇನರ್‌ಗಳಿಗೆ. ಅವರ ಒಂದು ಗಂಟೆಯನ್ನು ಯಾವ ವ್ಯವಸ್ಥೆ ಉಳಿಸುತ್ತದೆ, ಯಾವುದು ತಿನ್ನುತ್ತದೆ ಎಂದು ನೋಡಿದರೆ ಆಯ್ಕೆ ಅರ್ಧ ಮುಗಿದಂತೆಯೇ.

ಯಾವ ಅಳತೆಯಿಂದ ತೂಗಬೇಕು

ಮೊದಲನೆಯದು, ರಿವ್ಯೂ ಮಾಡುವವರು ಎಷ್ಟು ಮಂದಿ, ವಾರಕ್ಕೆ ಎಷ್ಟು ಬದಲಾವಣೆ ಬರುತ್ತವೆ ಎಂಬುದು. ಇಬ್ಬರು ಓದುಗರಿದ್ದು ವಾರಕ್ಕೆ ಐದು ಬದಲಾವಣೆ ಬಂದರೆ ಯಾವ ವ್ಯವಸ್ಥೆಯೂ ನಡೆಯುತ್ತದೆ. ಐವತ್ತು ಬಂದರೆ ಮಾತು ಬೇರೆ. ಬದಲಾವಣೆಯ ಗಾತ್ರವನ್ನೂ ಇಲ್ಲೇ ಸೇರಿಸಿಕೊಳ್ಳಿ. ಗೂಗಲ್ ತನ್ನ ಇಂಜಿನಿಯರ್‌ಗಳಿಗಾಗಿ ಬರೆದು ಸಾರ್ವಜನಿಕವಾಗಿ ಇಟ್ಟಿರುವ ರಿವ್ಯೂ ನಿಯಮಗಳಲ್ಲಿ 100 ಸಾಲು ಸಾಮಾನ್ಯವಾಗಿ ಸರಿಯಾದ ಗಾತ್ರ, 1000 ಸಾಲು ಸಾಮಾನ್ಯವಾಗಿ ಅತಿಯಾಯಿತು ಎಂದಿದೆ. ಸಾವಿರ ಸಾಲಿನ ಬದಲಾವಣೆಗೆ ಬರುವ ರಿವ್ಯೂ ಹೆಚ್ಚಾಗಿ “ಚೆನ್ನಾಗಿದೆ” ಎಂಬ ಒಂದೇ ಪದ.

ಎರಡನೆಯದು, ಟೆಸ್ಟ್ ಓಡುವ ಯಂತ್ರ ಯಾರದು, ಅದರ ಖರ್ಚು ಯಾರದು. ಮೂರನೆಯದು, ಗುರುತಿಲ್ಲದವರ ಕೋಡು ಆ ಯಂತ್ರದ ಮೇಲೆ ಓಡಿದರೆ ಏನಾಗಬಹುದು. ಇದನ್ನು ಮರೆಯುವವರೇ ಹೆಚ್ಚು, ಆದ್ದರಿಂದ ಮುಂದೆ ವಿವರವಾಗಿ ನೋಡೋಣ. ನಾಲ್ಕನೆಯದು, ಹೊಸಬರು ಮೊದಲ ಪ್ಯಾಚ್ ಕಳಿಸಲು ಎಷ್ಟು ಕಲಿಯಬೇಕು. ಐದನೆಯದಕ್ಕೆ ಒಂದು ಉದಾಹರಣೆ ಬೇಕು.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಒಂದಿದೆ ಎಂದಿಟ್ಟುಕೊಳ್ಳಿ. ಕೋಡಿನೊಳಗೆ ದರ ಕಿಲೋ ಲೆಕ್ಕದಲ್ಲಿದೆ. ಒಬ್ಬರು ಅದನ್ನು ಮಾರುಕಟ್ಟೆಯ ರೂಢಿಯಂತೆ ಕ್ವಿಂಟಲ್ ಲೆಕ್ಕಕ್ಕೆ ಬದಲಿಸಿ, ತಮ್ಮ ಟೆಸ್ಟ್‌ಗಳನ್ನೂ ತಿದ್ದಿ ಕಳಿಸುತ್ತಾರೆ. ಅದೇ ವಾರ ಇನ್ನೊಬ್ಬರು “ದರ ಇಷ್ಟು ದಾಟಿದರೆ ರೈತರಿಗೆ ಎಸ್ಸೆಮ್ಮೆಸ್” ಎಂಬ ಹೊಸ ಫೈಲ್ ಸೇರಿಸುತ್ತಾರೆ. ಅವರ ಬ್ರಾಂಚಿನಲ್ಲಿ (ಅವರು ತಿದ್ದುವ ಕೋಡಿನ ಬೇರೆ ಕವಲಿನಲ್ಲಿ) ದರ ಇನ್ನೂ ಕಿಲೋಗೇ ಇದೆ, ಮಿತಿಯೂ ಕಿಲೋ ಲೆಕ್ಕದ್ದೇ. ಇಬ್ಬರ ಟೆಸ್ಟೂ ಹಸಿರು. ಬೇರೆ ಬೇರೆ ಫೈಲ್ ಆದ್ದರಿಂದ ಬದಲಾವಣೆಗಳ ಲೆಕ್ಕವಿಡುವ ಗಿಟ್ ಕೂಡ ಕಾನ್‌ಫ್ಲಿಕ್ಟ್ (ಎರಡಕ್ಕೂ ತಿಕ್ಕಾಟ) ಎನ್ನುವುದಿಲ್ಲ. ಎರಡೂ ಮರ್ಜ್ ಆದ (ಮುಖ್ಯ ಕೋಡಿಗೆ ಸೇರಿದ) ಮೇಲೆ ದರ ನೂರು ಪಟ್ಟು ದೊಡ್ಡದಾಗಿ ಕಾಣಿಸಿ, ಎಲ್ಲ ರೈತರಿಗೂ ಪ್ರತಿದಿನ ಎಸ್ಸೆಮ್ಮೆಸ್ ಹೋಗತೊಡಗುತ್ತದೆ. ಬೇರೆ ಬೇರೆಯಾಗಿ ಸರಿ, ಕೂಡಿದರೆ ತಪ್ಪು. ಇದನ್ನು ಹಿಡಿಯಬೇಕಾದರೆ ಬದಲಾವಣೆಯನ್ನು ಅದರ ಬ್ರಾಂಚಿನಲ್ಲಿ ಟೆಸ್ಟ್ ಮಾಡಿದರೆ ಸಾಲದು, ಮರ್ಜ್ ಆದ ನಂತರ ಮೇನ್ (ಎಲ್ಲರ ಮುಖ್ಯ ಬ್ರಾಂಚ್) ಹೇಗಿರುತ್ತದೋ ಹಾಗೆ ಜೋಡಿಸಿ ಟೆಸ್ಟ್ ಮಾಡಬೇಕು. ಈ ಕೆಲಸವನ್ನು ಯಾವ ವ್ಯವಸ್ಥೆ ತಾನಾಗಿ ಮಾಡುತ್ತದೆ, ಯಾವುದರಲ್ಲಿ ಕಟ್ಟಿಕೊಳ್ಳಬೇಕು ಎಂಬುದೇ ಐದನೇ ಅಳತೆ.

ಗಿಟ್‌ಹಬ್: ಪುಲ್ ರಿಕ್ವೆಸ್ಟ್ ಮತ್ತು ಆ್ಯಕ್ಷನ್ಸ್

ಹೆಚ್ಚಿನವರು ಕೋಡ್ ಇಡುವ ಈ ಸೈಟಿನಿಂದಲೇ ಶುರು ಮಾಡುತ್ತಾರೆ, ಅದು ತಪ್ಪೂ ಅಲ್ಲ. ಫೋರ್ಕ್ ಮಾಡಿ (ಕೋಡಿನ ನಕಲನ್ನು ತನ್ನ ಖಾತೆಗೆ ತಂದು), ಬ್ರಾಂಚ್ ತೆಗೆದು, ಪುಲ್ ರಿಕ್ವೆಸ್ಟ್ (“ನನ್ನ ಬದಲಾವಣೆ ಸೇರಿಸಿಕೊಳ್ಳಿ” ಎಂಬ ಕೋರಿಕೆ) ಹಾಕುವುದು ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ಸಾರ್ವಜನಿಕ ರೆಪೊ (ಕೋಡಿನ ಸಂಗ್ರಹ) ಆದರೆ ಟೆಸ್ಟ್ ಓಡಿಸುವ ಆ್ಯಕ್ಷನ್ಸ್‌ನ ಸಾಮಾನ್ಯ ರನ್ನರ್‌ಗಳು (ಟೆಸ್ಟ್ ಓಡುವ ಯಂತ್ರಗಳು) ಪುಕ್ಕಟೆ. ಖಾಸಗಿ ರೆಪೊ ಆದರೆ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷ.

ಖಾಸಗಿ ರೆಪೊದಲ್ಲಿ ಇನ್ನೊಂದು ತೊಡಕಿದೆ. ಉಚಿತ ಖಾತೆಯ ಖಾಸಗಿ ರೆಪೊಗೆ ಬ್ರಾಂಚ್ ರಕ್ಷಣೆ ಅನ್ವಯಿಸುವುದಿಲ್ಲ. ಅಂದರೆ “ಒಬ್ಬರಾದರೂ ಒಪ್ಪದೆ ಮೇನ್‌ಗೆ ಏನೂ ಹೋಗಬಾರದು” ಎಂಬ ನಿಯಮ ಬಾಯಿಮಾತಿನಲ್ಲೇ ಉಳಿಯುತ್ತದೆ. ಸಬ್ಮಿಶನ್ನಿನ ಹಿಂದಿನ ರಾತ್ರಿ ಯಾರೋ ನೇರ ಪುಶ್ ಮಾಡುತ್ತಾರೆ. ಪ್ರಾಜೆಕ್ಟನ್ನು ಮುಚ್ಚಿಡಲು ನಿಜವಾದ ಕಾರಣವಿಲ್ಲದಿದ್ದರೆ ರೆಪೊ ಸಾರ್ವಜನಿಕ ಮಾಡುವುದೇ ಇದಕ್ಕೆ ಅಗ್ಗದ ದಾರಿ.

ರಕ್ಷಣೆ ಹಾಕುವಾಗ ಮೂರು ಕಡೆ ಎಡವುತ್ತಾರೆ. ಹೊಸ ಕಮಿಟ್ (ದಾಖಲಿಸಿದ ಒಂದು ಬದಲಾವಣೆ) ಬಂದರೆ ಹಳೆಯ ಒಪ್ಪಿಗೆ ರದ್ದಾಗಬೇಕೆಂಬ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಮಾಡದಿದ್ದರೆ ಒಪ್ಪಿಗೆ ಪಡೆದ ಮೇಲೆ ಬೇಕಾದ್ದನ್ನು ಸೇರಿಸಿ ಮರ್ಜ್ ಮಾಡಬಹುದು. ಎರಡನೆಯದು ಇನ್ನೂ ತಲೆ ತಿನ್ನುವಂಥದ್ದು: “ಡಾಕ್ಸ್ ಫೋಲ್ಡರ್ ಮಾತ್ರ ಬದಲಾದರೆ ಟೆಸ್ಟ್ ಓಡಿಸಬೇಡ” ಎಂದು ವರ್ಕ್‌ಫ್ಲೋಗೆ (ಟೆಸ್ಟ್ ಓಡಿಸುವ ಸೂಚನೆಗಳ ಫೈಲಿಗೆ) ಪಾತ್ ಫಿಲ್ಟರ್ ಹಾಕಿ, ಅದೇ ಟೆಸ್ಟನ್ನು ಕಡ್ಡಾಯವೆಂದೂ ಗುರುತಿಸಿದರೆ, ಡಾಕ್ಸ್ ತಿದ್ದಿದ ಪುಲ್ ರಿಕ್ವೆಸ್ಟ್ “ಪೆಂಡಿಂಗ್” ಎಂದು ಅಲ್ಲೇ ನಿಂತುಬಿಡುತ್ತದೆ. ಓಡದ ವರ್ಕ್‌ಫ್ಲೋ ಉತ್ತರ ಕೊಡುವುದಿಲ್ಲವಲ್ಲ. ಫಿಲ್ಟರನ್ನು ವರ್ಕ್‌ಫ್ಲೋ ಮಟ್ಟದಿಂದ ತೆಗೆದು ಅದರೊಳಗಿನ ಜಾಬ್‌ನ ಷರತ್ತಾಗಿ ಬರೆಯಿರಿ. ಷರತ್ತಿನಿಂದ ಬಿಟ್ಟ ಜಾಬ್ ಪಾಸ್ ಎಂದೇ ಲೆಕ್ಕವಾಗುತ್ತದೆ. ಮೂರನೆಯದು ಮರ್ಜ್ ಕ್ಯೂ. 2023ರಲ್ಲಿ ತೆರೆದ ಈ ಸೌಲಭ್ಯ ಮೇಲಿನ ಮೆಣಸಿನಕಾಯಿ ತೊಂದರೆಗೆ ಸರಿಯಾದ ಮದ್ದು: ಒಪ್ಪಿಗೆಯಾದವನ್ನು ಸಾಲಿನಲ್ಲಿ ನಿಲ್ಲಿಸಿ, ತನಗಿಂತ ಮುಂದೆ ನಿಂತವುಗಳ ಜೊತೆ ಸೇರಿಸಿ ಟೆಸ್ಟ್ ಮಾಡಿ, ಆಮೇಲಷ್ಟೇ ಒಳಗೆ ಬಿಡುತ್ತದೆ. ಆದರೆ ವರ್ಕ್‌ಫ್ಲೋ ಫೈಲಿನಲ್ಲಿ ಮರ್ಜ್ ಗ್ರೂಪ್ ಎಂಬ ಟ್ರಿಗರ್ ಸೇರಿಸದಿದ್ದರೆ ಸಾಲಿನಲ್ಲಿರುವಾಗ ಟೆಸ್ಟ್ ಶುರುವೇ ಆಗುವುದಿಲ್ಲ. ಕ್ಯೂ ಕಾದು ಕಾದು ಪುಲ್ ರಿಕ್ವೆಸ್ಟನ್ನು ಹೊರಗೆ ಹಾಕುತ್ತದೆ. ಮರ್ಜ್ ಕ್ಯೂ ಆರ್ಗನೈಸೇಶನ್ (ತಂಡದ ಖಾತೆ) ಹೆಸರಿನ ಸಾರ್ವಜನಿಕ ರೆಪೊಗೆ ಸಿಗುತ್ತದೆ, ವೈಯಕ್ತಿಕ ಖಾತೆಯದಕ್ಕಲ್ಲ. ಹಾಗಾಗಿ ಮೊದಲ ದಿನವೇ ಆರ್ಗನೈಸೇಶನ್ ಮಾಡಿಕೊಳ್ಳಿ, ಅದೂ ಪುಕ್ಕಟೆ.

ಈ ಪದ್ಧತಿ ಹೊಸದೇನಲ್ಲ. ರಸ್ಟ್ ಭಾಷೆಯ ತಂಡ ಬೋರ್ಸ್ ಎಂಬ ಬಾಟ್ ಇಟ್ಟುಕೊಂಡು ವರ್ಷಗಟ್ಟಲೆ ಇದನ್ನೇ ಮಾಡಿದೆ. ರಿವ್ಯೂ ಮಾಡಿದವರು “ಆರ್ ಪ್ಲಸ್” ಎಂದು ಬರೆದರೆ ಬಾಟ್ ಅದನ್ನು ಸಾಲಿಗೆ ಸೇರಿಸುತ್ತದೆ.

ಇನ್ನು ಗುರುತಿಲ್ಲದವರ ಕೋಡು. ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟಿಗೆ ಗಿಟ್‌ಹಬ್ ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್, ಕೀಲಿಗಳನ್ನು) ಕೊಡುವುದಿಲ್ಲ, ಟೋಕನ್ (ಅನುಮತಿ ಚೀಟಿ) ರೆಪೊ ಓದಲಷ್ಟೇ ಬರುತ್ತದೆ. ಹೊಸಬರ ಮೊದಲ ಪುಲ್ ರಿಕ್ವೆಸ್ಟ್ ಆದರೆ ಮೇಂಟೇನರ್ ಗುಂಡಿ ಒತ್ತುವವರೆಗೆ ವರ್ಕ್‌ಫ್ಲೋ ಓಡುವುದಿಲ್ಲ. ಗುಂಡಿ ಒತ್ತುವ ಮೊದಲು ವರ್ಕ್‌ಫ್ಲೋ ಫೈಲುಗಳೇ ಬದಲಾಗಿವೆಯೇ ನೋಡಿ. ಅಪಾಯ ಹುಟ್ಟುವುದು “ಫೋರ್ಕ್‌ನಲ್ಲೂ ಸೀಕ್ರೆಟ್ ಬೇಕಿತ್ತು” ಎಂದು ಪುಲ್ ರಿಕ್ವೆಸ್ಟ್ ಟಾರ್ಗೆಟ್ ಎಂಬ ಟ್ರಿಗರ್ ಬಳಸಿದಾಗ. ಅದು ಮೂಲ ರೆಪೊದ ಅಧಿಕಾರದಲ್ಲಿ ಓಡುತ್ತದೆ. ಅದರೊಳಗೆ ಹೊರಗಿನವರ ಕೋಡನ್ನು ಚೆಕ್‌ಔಟ್ ಮಾಡಿ ಬಿಲ್ಡ್ ಮಾಡಿಸಿದರೆ ಮನೆ ಕೀಲಿ ಕೊಟ್ಟಂತೆ. ಲೇಬಲ್ ಅಂಟಿಸುವಂಥ, ಕೋಡ್ ಓಡಿಸದ ಕೆಲಸಕ್ಕಷ್ಟೇ ಅದನ್ನು ಇಟ್ಟುಕೊಳ್ಳಿ. ಇದೇ ಕಾರಣಕ್ಕೆ ಸಾರ್ವಜನಿಕ ರೆಪೊಗೆ ಸ್ವಂತ ಲ್ಯಾಪ್‌ಟಾಪನ್ನೋ ಕಾಲೇಜು ಲ್ಯಾಬಿನ ಕಂಪ್ಯೂಟರನ್ನೋ ರನ್ನರ್ ಆಗಿ ಜೋಡಿಸಬೇಡಿ.

ಗಿಟ್‌ಹಬ್ಬಿನ ನಿಜವಾದ ಕೊರತೆ ರಿವ್ಯೂ ಪುಟದ್ದು. ಒಂದರ ಮೇಲೊಂದು ನಿಂತ ಐದು ಬದಲಾವಣೆಗಳನ್ನು ಬಿಡಿಬಿಡಿಯಾಗಿ ಓದಿಸುವುದು ಕಷ್ಟ. ರಿಬೇಸ್ ಮಾಡಿ (ಕಮಿಟ್‌ಗಳನ್ನು ಈಗಿನ ಮೇನ್ ಮೇಲೆ ಮತ್ತೆ ಕಟ್ಟಿ) ಫೋರ್ಸ್ ಪುಶ್ ಮಾಡಿದರೆ (ಹಳೆಯದರ ಜಾಗಕ್ಕೆ ಹೊಸದನ್ನು ಕಳಿಸಿದರೆ) ಹಳೆಯ ಟಿಪ್ಪಣಿಗಳು “ಔಟ್‌ಡೇಟೆಡ್” ಆಗಿ ಮಡಚಿಕೊಳ್ಳುತ್ತವೆ, ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತೆಂದು ಓದುವವರು ಹುಡುಕಬೇಕಾಗುತ್ತದೆ. ಅದಕ್ಕೇ ರಿವ್ಯೂ ನಡೆಯುವಾಗ ಹೊಸ ಕಮಿಟ್‌ಗಳನ್ನು ಸೇರಿಸುತ್ತ ಹೋಗಿ, ಮರ್ಜ್ ಮಾಡುವಾಗ ಸ್ಕ್ವಾಶ್ ಮಾಡಿ (ಎಲ್ಲವನ್ನೂ ಒಂದೇ ಕಮಿಟ್ ಆಗಿ ಕೂಡಿಸಿ).

ಗಿಟ್‌ಲ್ಯಾಬ್

ಇಲ್ಲಿ ಪುಲ್ ರಿಕ್ವೆಸ್ಟಿನ ಹೆಸರು ಮರ್ಜ್ ರಿಕ್ವೆಸ್ಟ್, ಕೆಲಸ ಹೆಚ್ಚುಕಡಿಮೆ ಅದೇ. ಗ್ನೋಮ್, ಕೆಡಿಇ, ಡೆಬಿಯನ್ ತಮ್ಮ ಸ್ವಂತ ಗಿಟ್‌ಲ್ಯಾಬ್ ನಡೆಸುತ್ತವೆ, ಆದ್ದರಿಂದ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಕೈ ಹಾಕುವವರಿಗೆ ಇದು ಗೊತ್ತಿರಲೇಬೇಕು. ಟೆಸ್ಟಿನ ಪೈಪ್‌ಲೈನ್ ಬರೆಯುವ ಭಾಷೆ ನಮ್ಮ ಲೆಕ್ಕದಲ್ಲಿ ಆ್ಯಕ್ಷನ್ಸ್‌ಗಿಂತ ಸ್ಪಷ್ಟ. ಯಾವ ಹಂತದ ನಂತರ ಯಾವುದು ಎಂಬುದು ಫೈಲ್ ನೋಡಿದರೇ ತಿಳಿಯುತ್ತದೆ.

ಆದರೆ ಗಿಟ್‌ಲ್ಯಾಬ್ ಡಾಟ್ ಕಾಮ್‌ನ ಉಚಿತ ಮಟ್ಟದಲ್ಲಿ ತಿಂಗಳಿಗೆ 400 ನಿಮಿಷ ಮಾತ್ರ. ಎಂಟು ನಿಮಿಷದ ಪೈಪ್‌ಲೈನ್ ಐವತ್ತು ಸಲ ಓಡಿದರೆ ಮುಗಿಯಿತು. ಅದನ್ನು ಬಳಸುವ ಮೊದಲು ಗುರುತು ಪರಿಶೀಲನೆಯೂ ಇದೆ. ಖಾಸಗಿ ಗುಂಪಿಗೆ ಐದೇ ಸದಸ್ಯರ ಮಿತಿ. ಕಡ್ಡಾಯ ಒಪ್ಪಿಗೆ ಮತ್ತು ಮರ್ಜ್ ಟ್ರೇನ್ (ಗಿಟ್‌ಹಬ್ಬಿನ ಕ್ಯೂಗೆ ಸಮಾನವಾದದ್ದು) ಎರಡೂ ದುಡ್ಡು ಕೊಡುವ ಮಟ್ಟದಲ್ಲಿವೆ. ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ಅರ್ಜಿ ಹಾಕಿ ಮೇಲಿನ ಮಟ್ಟ ಉಚಿತವಾಗಿ ಪಡೆಯುವ ಯೋಜನೆ ಇದೆ, ಆದರೆ ಮೊನ್ನೆ ಶುರುವಾದ ಕಾಲೇಜು ಪ್ರಾಜೆಕ್ಟ್ ಅದನ್ನು ನಂಬಿ ಕೂರಬಾರದು.

ಫೋರ್ಕ್‌ನಿಂದ ಬಂದ ಮರ್ಜ್ ರಿಕ್ವೆಸ್ಟಿನ ಪೈಪ್‌ಲೈನ್ ಕಳಿಸಿದವರ ಫೋರ್ಕ್‌ನಲ್ಲೇ, ಅವರ ನಿಮಿಷದಲ್ಲೇ ಓಡುತ್ತದೆ. ಸುರಕ್ಷತೆಗೆ ಒಳ್ಳೆಯದು. ಆದರೆ ಹೊಸಬರು “ಪೈಪ್‌ಲೈನ್ ಫೇಲ್” ಎಂದು ಗಾಬರಿಯಾಗುವುದು ಹೆಚ್ಚಾಗಿ ಇಲ್ಲೇ: ಕೋಡ್ ಸರಿಯಿದ್ದು, ಅವರ ಖಾತೆಯ ಪರಿಶೀಲನೆಯಾಗಿರುವುದಿಲ್ಲ.

ಸ್ವಂತ ಸರ್ವರ್ ಇದ್ದರೆ ಈ ಮಿತಿಗಳಲ್ಲಿ ಹೆಚ್ಚಿನವು ಇಲ್ಲವಾಗುತ್ತವೆ. ಆದರೆ 8 ಜಿಬಿ ರ‍್ಯಾಮ್‌ಗಿಂತ ಕಡಿಮೆಯಿದ್ದರೆ ಗಿಟ್‌ಲ್ಯಾಬ್ ತೆವಳುತ್ತದೆ, ಅಪ್‌ಡೇಟ್‌ಗಳೂ ಮೇಲಿಂದ ಮೇಲೆ. ನೋಡಿಕೊಳ್ಳಲು ಒಬ್ಬ ಲ್ಯಾಬ್ ಅಡ್ಮಿನ್ ಇರುವ ಇಲಾಖೆಗೆ ಸರಿ, ಇಲ್ಲದಿದ್ದರೆ ಬೇಡ.

ಫೋರ್ಜೆಯೊ, ಗೀಟಿ: ಸಣ್ಣ ಸರ್ವರಿನ ದಾರಿ

ಸರ್ವರ್ ನಮ್ಮದೇ ಇರಬೇಕು, ಬಜೆಟ್ ಕಡಿಮೆ ಎಂದಾದರೆ ಇವೇ. 1 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್ ಸಣ್ಣ ತಂಡಕ್ಕೆ ಸಾಕು, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ ನಡೆಯುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ಓಡುತ್ತದೆ. ಪುಲ್ ರಿಕ್ವೆಸ್ಟ್, ಬ್ರಾಂಚ್ ರಕ್ಷಣೆ, ಆ್ಯಕ್ಷನ್ಸ್ ಮಾದರಿಯ ಟೆಸ್ಟ್ ಎಲ್ಲವೂ ಇವೆ, ಗಿಟ್‌ಹಬ್ ಬಲ್ಲವರು ಹೊಸದಾಗಿ ಕಲಿಯುವುದು ಕಡಿಮೆ. ಗೀಟಿಯಿಂದ 2022ರಲ್ಲಿ ಕವಲೊಡೆದದ್ದು ಫೋರ್ಜೆಯೊ. ಬರ್ಲಿನ್ನಿನ ಲಾಭರಹಿತ ಸಂಸ್ಥೆ ನಡೆಸುವ ಕೋಡ್‌ಬರ್ಗ್ ಸೈಟು ಫೋರ್ಜೆಯೊ ಮೇಲೇ ನಿಂತಿದೆ. ಸರ್ವರ್ ನಡೆಸುವ ಉಸಾಬರಿ ಬೇಡ, ಕೋಡ್ ಮುಕ್ತ ಲೈಸೆನ್ಸಿನದು ಎಂದರೆ ಅಲ್ಲಿಗೇ ಹೋಗಬಹುದು.

ಟೆಸ್ಟ್ ರನ್ನರನ್ನು ಸರ್ವರ್ ಇರುವ ಯಂತ್ರದಲ್ಲಿ ಇಡಬೇಡಿ. ಒಂದು ಕೆಟ್ಟ ಟೆಸ್ಟ್ ಮೆಮೊರಿ ತಿಂದರೆ ರಿವ್ಯೂ ಪುಟವೂ ಮಲಗುತ್ತದೆ. ಯುಪಿಎಸ್ ಇಲ್ಲದ ಕೋಣೆಯಲ್ಲಿ ಇಟ್ಟರೆ ಕರೆಂಟ್ ಹೋದಾಗಲೆಲ್ಲ ಓಡುತ್ತಿದ್ದ ಜಾಬ್‌ಗಳು ಅರ್ಧಕ್ಕೆ ನಿಲ್ಲುತ್ತವೆ, ಡಿಸ್ಕಿನ ಗತಿಯೂ ಹೇಳಲಾಗದು. ದಿನಕ್ಕೊಮ್ಮೆ ಬ್ಯಾಕಪ್ ಇನ್ನೊಂದು ಯಂತ್ರಕ್ಕೆ ಹೋಗಲಿ. ಹೊರಗಿನ ಕೊಡುಗೆದಾರರು ಬೇಕೆಂದರೆ ಈ ದಾರಿ ತುಸು ಒಂಟಿ: ಪ್ರತಿಯೊಬ್ಬರೂ ನಿಮ್ಮ ಸರ್ವರಿನಲ್ಲಿ ಹೊಸ ಖಾತೆ ತೆರೆಯಬೇಕು, ಅನೇಕರು ಅಲ್ಲಿಂದಲೇ ವಾಪಸಾಗುತ್ತಾರೆ.

ಗೆರಿಟ್: ಓದುವವರಿಗಾಗಿ ಕಟ್ಟಿದ್ದು

ಆಂಡ್ರಾಯ್ಡ್‌ಗಾಗಿ ಗೂಗಲ್‌ನಲ್ಲಿ ಹುಟ್ಟಿದ ಗೆರಿಟ್‌ನಲ್ಲಿ ಘಟಕ ಬ್ರಾಂಚ್ ಅಲ್ಲ, ಒಂದು ಕಮಿಟ್. ಒಂದು ಕಮಿಟ್, ಒಂದು ರಿವ್ಯೂ. ತಿದ್ದಬೇಕಾದರೆ ಹೊಸ ಕಮಿಟ್ ಸೇರಿಸುವುದಿಲ್ಲ, ಅದೇ ಕಮಿಟನ್ನು ಅಮೆಂಡ್ ಮಾಡಿ ಮತ್ತೆ ಕಳಿಸುತ್ತೀರಿ. ಅದು ಪ್ಯಾಚ್‌ಸೆಟ್ 2, 3, 4 ಆಗುತ್ತದೆ. ರಿವ್ಯೂ ಮಾಡುವವರು 2ಕ್ಕೂ 4ಕ್ಕೂ ಇರುವ ವ್ಯತ್ಯಾಸವಷ್ಟನ್ನೇ ನೋಡಬಹುದು. ಗಿಟ್‌ಹಬ್ಬಿನಲ್ಲಿ ಕಳೆದುಹೋಗುವ ಸಮಯ ಇಲ್ಲಿ ಉಳಿಯುತ್ತದೆ. ಸರಣಿಯಾಗಿ ಕಳಿಸಿದ ಐದು ಕಮಿಟ್‌ಗಳು ಐದು ಬಿಡಿ ರಿವ್ಯೂ ಆಗಿ, ಸಂಬಂಧ ಉಳಿಸಿಕೊಂಡೇ ಕಾಣುತ್ತವೆ.

ಕೋಡ್ ರಿವ್ಯೂಗೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಮತ. ಪ್ಲಸ್ 1 ಎಂದರೆ “ನನಗೆ ಸರಿ ಕಾಣುತ್ತದೆ, ಬೇರೆಯವರೂ ನೋಡಲಿ”. ಪ್ಲಸ್ 2 ಎಂದರೆ ಒಪ್ಪಿಗೆ. ಮೈನಸ್ 2 ಎಂದರೆ ತಡೆ. ಎರಡು ಪ್ಲಸ್ 1 ಸೇರಿ ಪ್ಲಸ್ 2 ಆಗುವುದಿಲ್ಲ, ಹೊಸಬರು ಇಲ್ಲಿ ಮೋಸ ಹೋಗುತ್ತಾರೆ. ಟೆಸ್ಟ್ ಬಾಟ್ ಬೇರೆಯಾಗಿ “ವೆರಿಫೈಡ್” ಮತ ಹಾಕುತ್ತದೆ. ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ಪ್ರಾಜೆಕ್ಟ್ ಇದಕ್ಕೆ ಜೂಲ್ ಎಂಬ ವ್ಯವಸ್ಥೆ ಸೇರಿಸಿದೆ: ಕಳಿಸಿದ ಕೂಡಲೇ ಒಂದು ಸುತ್ತಿನ ಟೆಸ್ಟ್, ಒಪ್ಪಿಗೆಯಾದ ಮೇಲೆ ಸಾಲಿನಲ್ಲಿ ಮುಂದೆ ನಿಂತವೆಲ್ಲ ಮರ್ಜ್ ಆದಂತೆ ಊಹಿಸಿ ಇನ್ನೊಂದು ಸುತ್ತು. ಬೇರೆ ಬೇರೆ ರೆಪೊಗಳ ಬದಲಾವಣೆಗಳನ್ನು ಒಂದಕ್ಕೊಂದು ಗಂಟು ಹಾಕಿಯೂ ಟೆಸ್ಟ್ ಮಾಡಿಸಬಹುದು.

ಮೊದಲ ಪುಶ್ ಹೆಚ್ಚಿನವರಿಗೆ “ಚೇಂಜ್ ಐಡಿ ಇಲ್ಲ” ಎಂದು ವಾಪಸ್ ಬರುತ್ತದೆ. ಪ್ಯಾಚ್‌ಸೆಟ್‌ಗಳು ಒಂದೇ ಬದಲಾವಣೆಯವು ಎಂದು ಗೆರಿಟ್ ಗುರುತಿಸುವುದು ಕಮಿಟ್ ಸಂದೇಶದ ಕೊನೆಯ ಚೇಂಜ್ ಐಡಿ ಸಾಲಿನಿಂದ. ಸರ್ವರಿನಿಂದ ಕಮಿಟ್ ಮೆಸೇಜ್ ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟ್) ಇಳಿಸಿ ರೆಪೊದ ಹುಕ್ಸ್ ಫೋಲ್ಡರಿಗೆ ಹಾಕಿ, ಎಕ್ಸಿಕ್ಯೂಟ್ ಅನುಮತಿ ಕೊಟ್ಟು, ಕಮಿಟನ್ನು ಒಮ್ಮೆ ಅಮೆಂಡ್ ಮಾಡಿದರೆ ಸಾಲು ತಾನಾಗಿ ಸೇರುತ್ತದೆ. ಅಮೆಂಡ್ ಮಾಡುವಾಗ ಆ ಸಾಲನ್ನು ಅಳಿಸಿದರೆ ಹಳೆಯ ರಿವ್ಯೂ ಅನಾಥವಾಗಿ, ಹೊಸದೊಂದು ಹುಟ್ಟುತ್ತದೆ.

ಐದು ಮಂದಿಯ ತಂಡಕ್ಕೆ ಗೆರಿಟ್ ನಡೆಸಿ ಎಂದು ನಾವು ಹೇಳುವುದಿಲ್ಲ. ಆದರೆ ಮೀಡಿಯಾವಿಕಿ, ಲಿಬ್ರೆಆಫೀಸ್, ಗೋ ಭಾಷೆ, ಕ್ರೋಮಿಯಂ ಇವುಗಳಲ್ಲಿ ಯಾವುದಕ್ಕಾದರೂ ಕೊಡುಗೆ ಕೊಡುವ ಆಸೆಯಿದ್ದರೆ ಎರಡು ಸಂಜೆ ಇದನ್ನು ಕಲಿಯಲು ಕೊಡಬಹುದು. ಕನ್ನಡ ವಿಕಿಪೀಡಿಯದ ಹಿಂದಿರುವುದೂ ಮೀಡಿಯಾವಿಕಿಯೇ. ಅದು ಪಿಎಚ್‌ಪಿ ಭಾಷೆಯಲ್ಲಿದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಎಬ್ಬಿಸಬಹುದು. ಲಿಬ್ರೆಆಫೀಸ್‌ನ ಮೊದಲ ಬಿಲ್ಡ್ ಅಂಥ ಲ್ಯಾಪ್‌ಟಾಪಿನಲ್ಲಿ ಹಲವು ಗಂಟೆ ತಿನ್ನುತ್ತದೆ.

ಇಮೇಲ್ ಪ್ಯಾಚ್

ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು), ಗಿಟ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ಇಂದಿಗೂ ಇಮೇಲಿನಲ್ಲೇ ರಿವ್ಯೂ ಮಾಡುತ್ತವೆ. ಹೊಸ ಪ್ರಾಜೆಕ್ಟ್ ಕಟ್ಟುವವರು ಇದನ್ನು ಆರಿಸಬೇಕಿಲ್ಲ. ಕರ್ನಲ್‌ಗೆ ಕಳಿಸುವವರಿಗೆ ಮಾತ್ರ ಈ ಮಾತು. ನೆಟ್ ನಿಧಾನವಿದ್ದರೂ ನಡೆಯುತ್ತದೆ, ಯಾವ ಕಂಪನಿಯ ಸೈಟಿನ ಹಂಗೂ ಇಲ್ಲ, ಆದರೆ ಶಿಸ್ತು ಬಿಗಿ. ಜಿಮೇಲ್‌ನ ವೆಬ್ ಪುಟದಿಂದ ಕಳಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ, ಸಾಲುಗಳು ಮುರಿದು, ಪ್ಯಾಚ್ ಅಂಟುವುದೇ ಇಲ್ಲ. ಗಿಟ್ ಸೆಂಡ್ ಇಮೇಲ್ ಎಂಬ ಕಮಾಂಡ್ ಬಳಸಿ. ಜಿಮೇಲ್ ಆದರೆ ಎರಡು ಹಂತದ ಲಾಗಿನ್ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಕಳಿಸುವ ಮುನ್ನ ಶೈಲಿಯ ತಪ್ಪು ಹಿಡಿಯುವ ಚೆಕ್‌ಪ್ಯಾಚ್ ಓಡಿಸಿ, ಯಾರಿಗೆ ಕಳಿಸಬೇಕೆಂದು ಗೆಟ್ ಮೇಂಟೇನರ್ ಸ್ಕ್ರಿಪ್ಟನ್ನು ಕೇಳಿ, ನಿಮ್ಮ ಹೆಸರಿನ ಸೈನ್ಡ್ ಆಫ್ ಬೈ (ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಸಹಿ) ಸಾಲು ಸೇರಿಸಿ. ಎರಡನೇ ಸಲ ಕಳಿಸುವಾಗ ವಿಷಯದಲ್ಲಿ ವಿ2 ಎಂದಿರಲಿ. ಏನು ಬದಲಾಯಿತೆಂಬ ಟಿಪ್ಪಣಿ ಮೂರು ಅಡ್ಡಗೆರೆಯ ಕೆಳಗೆ ಬರಲಿ, ಆಗ ಅದು ಕಮಿಟ್ ಸಂದೇಶಕ್ಕೆ ಸೇರುವುದಿಲ್ಲ.

ಇಲ್ಲಿ ಒಂದೇ ಬಾಗಿಲಲ್ಲಿ ಕೂತ ಟೆಸ್ಟ್ ಇಲ್ಲ. ಇಂಟೆಲ್‌ನ ಕರ್ನಲ್ ಟೆಸ್ಟ್ ರೋಬೋ ಪ್ಯಾಚ್‌ಗಳನ್ನು ಹಲವು ಆರ್ಕಿಟೆಕ್ಚರ್‌ಗಳಲ್ಲಿ ಬಿಲ್ಡ್ ಮಾಡಿ ಮುರಿದರೆ ಮೇಲ್ ಹಾಕುತ್ತದೆ, ಗೂಗಲ್‌ನ ಸಿಜ್‌ಬಾಟ್ ಕರ್ನಲ್‌ಗೆ ಯದ್ವಾತದ್ವಾ ಸಿಸ್ಟಮ್ ಕಾಲ್‌ಗಳನ್ನು ಕೊಟ್ಟು ಬೀಳಿಸಲು ನೋಡುತ್ತದೆ. ಎಲ್ಲರ ಬದಲಾವಣೆ ಒಂದುಗೂಡಿ ಮೊದಲು ಪರೀಕ್ಷೆಯಾಗುವುದು ಲಿನಕ್ಸ್ ನೆಕ್ಸ್ಟ್ ಎಂಬ ಕೋಡ್ ಸಂಗ್ರಹದಲ್ಲಿ. ಉತ್ತರಕ್ಕೆ ಒಂದು ವಾರವಾದರೂ ಕಾಯಿರಿ. ಎರಡು ವಾರದ ಮರ್ಜ್ ವಿಂಡೋ (ಮುಂದಿನ ಆವೃತ್ತಿಗೆ ಬದಲಾವಣೆಗಳನ್ನು ಸೇರಿಸುವ ಅವಧಿ) ತೆರೆದಿರುವಾಗ ಹೊಸ ಪ್ಯಾಚ್ ಕಳಿಸಿದರೆ ನೋಡುವವರು ಸಿಗುವುದು ಕಷ್ಟ.

ಯಾವುದರಲ್ಲಿದ್ದರೂ ಬೇಕಾದ ಟೆಸ್ಟ್

ಫಾರ್ಮ್ಯಾಟ್, ಲಿಂಟ್ (ಕೋಡ್ ಓಡಿಸದೆಯೇ ತಪ್ಪು ಹುಡುಕುವುದು), ಯುನಿಟ್ ಟೆಸ್ಟ್ (ಬಿಡಿ ಭಾಗಗಳ ಟೆಸ್ಟ್) ಐದು ನಿಮಿಷದೊಳಗೆ ಮುಗಿಯಲಿ. ನಿಧಾನದವನ್ನು ರಾತ್ರಿ ಓಡಿಸಿ. ಆಗೊಮ್ಮೆ ಈಗೊಮ್ಮೆ ಸುಮ್ಮನೆ ಫೇಲ್ ಆಗುವ ಟೆಸ್ಟನ್ನು ಕೂಡಲೇ ಕಡ್ಡಾಯ ಪಟ್ಟಿಯಿಂದ ತೆಗೆದು ಬೇರೆ ಇಡಿ. “ಇನ್ನೊಮ್ಮೆ ಓಡಿಸು, ಪಾಸ್ ಆಗ್ತೈತಿ” ಎಂಬ ರೂಢಿ ಬಿದ್ದರೆ ನಿಜವಾದ ತಪ್ಪಿಗೂ ಅದೇ ಗುಂಡಿ ಒತ್ತುತ್ತಾರೆ.

ಕನ್ನಡ ಪಠ್ಯ ಮುಟ್ಟುವ ಕೋಡಾದರೆ ಒಂದು ಟೆಸ್ಟ್ ಬಿಡಲೇಬಾರದು. “ಹೊಸೂರು” ಎಂಬುದರ ಮೊದಲ ಅಕ್ಷರದ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಪಾಯಿಂಟ್ ಆಗಿ ಬರಬಹುದು, ಇಲ್ಲವೇ ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳ ಜೋಡಿಯಾಗಿ ಬರಬಹುದು. “ರೋಣ”ದ ದೀರ್ಘವೂ ಹಾಗೇ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಊರು ಸಿಗುವುದಿಲ್ಲ. ಒಳಗೆ ಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ (ಜೋಡಿ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪಕ್ಕೆ) ತಂದು, ಎರಡೂ ಬಗೆಯಲ್ಲಿ ಬರೆದ ಹೆಸರು ಸಮ ಎಂದು ಟೆಸ್ಟ್ ಬರೆಯಿರಿ. ರಿವ್ಯೂ ಮಾಡುವ ಕಣ್ಣಿಗೆ ಈ ತಪ್ಪು ಎಂದೂ ಕಾಣದು.

ರಿವ್ಯೂಗೆ ಕಾಣದ ಇನ್ನೊಂದು ಜಾಗ ರಿಲೀಸ್ ಫೈಲ್. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ತಂತ್ರಾಂಶ) ಹಿಂಬಾಗಿಲಿನಲ್ಲಿ ವಿಷದ ಮುಖ್ಯ ಭಾಗ ಟೆಸ್ಟ್ ಡೇಟಾ ಎಂದು ಸೇರಿಸಿದ ಬೈನರಿ ಫೈಲ್‌ಗಳಲ್ಲಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಗಿಟ್‌ನಲ್ಲಿರಲಿಲ್ಲ, 5.6.0 ಮತ್ತು 5.6.1ರ ರಿಲೀಸ್ ಪೊಟ್ಟಣದಲ್ಲಿ ಮಾತ್ರ ಇತ್ತು. ರಿಲೀಸನ್ನು ಯಾರದೋ ಲ್ಯಾಪ್‌ಟಾಪಿನಿಂದಲ್ಲ, ಟ್ಯಾಗ್‌ನಿಂದ (ಗಿಟ್‌ನಲ್ಲಿ ಗುರುತು ಹಾಕಿದ ಆವೃತ್ತಿಯಿಂದ) ಸಿಐ ಯಂತ್ರದಲ್ಲೇ (ಟೆಸ್ಟ್ ಓಡಿಸುವ ಯಂತ್ರದಲ್ಲೇ) ಕಟ್ಟಿಸಿ.

ಹಾಗಾದರೆ ಯಾರಿಗೆ ಯಾವುದು

ನಾಲ್ಕೈದು ಮಂದಿ, ಖರ್ಚು ಸೊನ್ನೆ, ಹೊರಗಿನವರೂ ಬರಲಿ ಎಂದರೆ: ಗಿಟ್‌ಹಬ್, ಸಾರ್ವಜನಿಕ ರೆಪೊ, ಆರ್ಗನೈಸೇಶನ್ ಹೆಸರಿನಲ್ಲಿ, ಒಂದು ಒಪ್ಪಿಗೆ ಕಡ್ಡಾಯ. ವಾರಕ್ಕೆ ಹತ್ತಕ್ಕಿಂತ ಹೆಚ್ಚು ಮರ್ಜ್ ಆಗತೊಡಗಿದ ಮೇಲೆ ಕ್ಯೂ ಹಾಕಿ, ಅದಕ್ಕೆ ಮೊದಲು ಬೇಡ. ಕೋಡ್ ಹೊರಗೆ ಹೋಗಬಾರದು, ಲ್ಯಾಬಿನಲ್ಲಿ ಯಂತ್ರವಿದೆ ಎಂದರೆ ಫೋರ್ಜೆಯೊ. ಅಡ್ಮಿನ್ ಕೂಡ ಇದ್ದು ನಲವತ್ತು, ಐವತ್ತು ವಿದ್ಯಾರ್ಥಿಗಳಿದ್ದರೆ ಸ್ವಂತ ಗಿಟ್‌ಲ್ಯಾಬ್. ರಿವ್ಯೂ ಬಿಗಿಯಾಗಿರಲೇಬೇಕಾದ, ಹಲವು ರೆಪೊಗಳು ಹೆಣೆದುಕೊಂಡ ಉತ್ಪನ್ನ ಮಾಡುವ ಕಂಪನಿ ಗೆರಿಟ್ ಬಗ್ಗೆ ಯೋಚಿಸಬಹುದು.

ಕೊಡುಗೆ ಕೊಡುವವರು ವ್ಯವಸ್ಥೆಗಿಂತ ಮೊದಲು ಪ್ರಾಜೆಕ್ಟಿನ ಈಚಿನ ಇಪ್ಪತ್ತು ಮರ್ಜ್‌ಗಳನ್ನು ತೆರೆದು ನೋಡಲಿ. ಅದರಲ್ಲಿ ಹೊರಗಿನವರದು ಎಷ್ಟು, ಮೊದಲ ಉತ್ತರ ಎಷ್ಟು ದಿನಕ್ಕೆ ಬಂದಿದೆ? ಎಲ್ಲವೂ ಒಳಗಿನವರದೇ ಆಗಿದ್ದರೆ ನಿಮ್ಮ ಪ್ಯಾಚ್ ಎಷ್ಟೇ ಚೆಂದವಿದ್ದರೂ ಕಾಯುತ್ತದೆ. ಕಂಪನಿಯಲ್ಲಿ ಕೆಲಸ ಮಾಡುವವರಾದರೆ ಕೋಡಿನ ಹಕ್ಕಿನ ಬಗ್ಗೆ ಅಲ್ಲಿನ ಅನುಮತಿ ಮೊದಲೇ ತೆಗೆದುಕೊಳ್ಳಿ. ಗೂಗಲ್ ಪ್ರಾಜೆಕ್ಟುಗಳಲ್ಲಿ ಸಿಎಲ್‌ಎಗೆ (ಕೊಡುಗೆದಾರರ ಲೈಸೆನ್ಸ್ ಒಪ್ಪಂದಕ್ಕೆ) ಸಹಿ ಹಾಕದೆ ಪ್ಯಾಚ್ ಒಳಗೆ ಹೋಗುವುದಿಲ್ಲ.

ಈಗ ಆರಿಸಿದ್ದನ್ನು ಎರಡು ವರ್ಷದ ನಂತರ ಬದಲಿಸಬೇಕಾದರೆ ಗಿಟ್ ಇತಿಹಾಸ ಪೂರ್ತಿ ಜೊತೆಗೆ ಬರುತ್ತದೆ, ರಿವ್ಯೂ ಚರ್ಚೆ ಬರುವುದು ಗ್ಯಾರಂಟಿಯಿಲ್ಲ. ಗೆರಿಟ್ ತನ್ನ ಚರ್ಚೆಯನ್ನು ಗಿಟ್‌ನೊಳಗೇ ಇಡುತ್ತದೆ, ಇಮೇಲ್ ಆರ್ಕೈವ್‌ನಲ್ಲಿ ಉಳಿಯುತ್ತದೆ. ಪುಲ್ ರಿಕ್ವೆಸ್ಟಿನ ಮಾತುಗಳನ್ನು ಎಪಿಐ (ಪ್ರೋಗ್ರಾಂಗಳಿಗೆಂದು ಸೈಟ್ ಕೊಡುವ ದಾರಿ) ಮೂಲಕ ಹೊರತೆಗೆಯಬೇಕು. “ಹೀಗೇಕೆ ಮಾಡಿದೆವು” ಎಂಬುದು ಕಮಿಟ್ ಸಂದೇಶದಲ್ಲಿ ಇರದೆ ರಿವ್ಯೂ ಪುಟದಲ್ಲಿ ಮಾತ್ರ ಇದ್ದರೆ, ಮರ್ಜ್ ಒತ್ತುವ ಮುನ್ನ ಎರಡು ಸಾಲು ಸಂದೇಶಕ್ಕೆ ಸೇರಿಸಿಸಿ.